ಮೂರು ಚೊಂಬು ನೀರು

ಧರ್ಮಪುರಿ
12 ಏಪ್ರಿಲ್ 1995

ಪ್ರೀತಿಯ ಪುಟ್ಟಪ್ಪ,

“ಒದರಿದ್ರೆ ಓಗು ಮಗಾ, ಒದರ್ದಿದ್ರೆ…” ಅಪ್ಪ ಅಂದದ್ದು ಹೀಗೆಯೇ ಇತ್ತೇ? ಮೂರು ದಿನದಿಂದ ಈ ಅರ್ಧ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಉತ್ತರ ಪತ್ರಿಕೆ ತಿದ್ದುವಾಗ ಅದೇ, ಹಾಲು ಕಾಯಿಸುವಾಗ ಅದೇ. ಉಳಿದರ್ಧ ನೆನಪಾಗುತ್ತಿಲ್ಲ. “ಒದರ್ದಿದ್ರೆ ಮನೇಲಿರು” ಎಂದಿರಬೇಕು ಅಂದುಕೊಳ್ಳುತ್ತೇನೆ, ಆಮೇಲೆ ಇಲ್ಲ ಅನಿಸುತ್ತದೆ. ಅಪ್ಪ ಅಷ್ಟು ಸಲೀಸಾಗಿ ಮಾತು ಮುಗಿಸುವವರಾಗಿರಲಿಲ್ಲ. “ಮಗಾ” ಅಂದರೋ “ಮುನೀ” ಅಂದರೋ, ಈಗ ಅದೂ ಖಚಿತವಿಲ್ಲ. ಕವಿತೆಯ ಸಾಲು ಮರೆತರೆ ಪೆಟ್ಟಿಗೆ ತೆರೆದು ಪುಸ್ತಕ ನೋಡುತ್ತೇನೆ. ಅಪ್ಪನ ಮಾತನ್ನು ಎಲ್ಲಿ ನೋಡಲಿ? ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಅದು 1964. ನನಗೆ ಹದಿನೇಳು. ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಮೈಸೂರಿನ ಮಾವ ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸುತ್ತೇನೆ ಅಂದಿದ್ದರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೀರಪ್ಪನ ಅಪ್ಪಣೆ ಕೇಳೋಣ ಅಂದರು. ನಮ್ಮ ಮನೆಯಲ್ಲಿ ದೊಡ್ಡ ವಿಷಯ ಯಾವುದನ್ನೂ ಮನುಷ್ಯರು ತೀರ್ಮಾನ ಮಾಡುತ್ತಿರಲಿಲ್ಲವಲ್ಲ. ಮಂದೆಯಿಂದ ಒಂದು ಕರಿ ಟಗರು ತಂದು ದೇವರ ಕಲ್ಲಿನ ಮುಂದೆ ನಿಲ್ಲಿಸಿ ನೀರು ಸುರಿಯಬೇಕು. ಅದು ಮೈ ಒದರಿದರೆ ದೇವರು ಒಪ್ಪಿದಂತೆ. ಸುಮ್ಮನೆ ನಿಂತರೆ ಇಲ್ಲ. ಯಾರ ವಿಷಯವೋ ಅವರು ಅದನ್ನು ನೋಡುವಂತಿಲ್ಲ. ಒಳಗೆ ದೀಪದ ಕಡೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕು. ಅಪ್ಪ ಬಾಗಿಲಲ್ಲಿ ನಿಂತು ಈ ಮಾತು ಅಂದರು. ಅರ್ಧಕ್ಕೇ ತಮಟೆ ಶುರುವಾಯಿತು, ಅವರು ಹೊರಗೆ ನಡೆದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ದೀಪಕ್ಕೆ ನಾನು ಎರಡು ಸಲ ಎಣ್ಣೆ ಹಾಕಿದ್ದು ನೆನಪಿದೆ. ಆಮೇಲೆ ಹೋ ಎಂದು ಕೂಗು ಕೇಳಿಸಿತು. ನನ್ನ ಜೀವನ ಎನ್ನುವುದು ಆ ಕೂಗಿನಿಂದ ಶುರು. ಮೈಸೂರು, ಎಂ.ಎಸ್ಸಿ., ಈ ಊರು, ಇಪ್ಪತ್ತು ವರ್ಷದಿಂದ ಹೆಣ್ಣುಮಕ್ಕಳಿಗೆ ಕಲಿಸುತ್ತಿರುವ ಪ್ರಾಣಿಶಾಸ್ತ್ರ, ಎಲ್ಲವೂ.

ನಾವು ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಅಪ್ಪನ ವರ್ಷದ ತಿಥಿಯ ದಿನ ಮಕ್ಕಳು “ಕುರಿ ಯಾಕೆ ಒದರುತ್ತೆ?” ಅಂದಾಗ ನಾನು ತರಗತಿಯಲ್ಲಿ ಹೇಳಿದಂತೆಯೇ ಹೇಳಿದೆ. ನೀರು ಕಿವಿಗೆ ಹೋಗುತ್ತದೆ, ಕುರಿ ಒದರುತ್ತದೆ, ನಾಯಿಯೂ ಹಾಗೇ, ಇದರಲ್ಲಿ ದೇವರಿಗೆ ಕೆಲಸವಿಲ್ಲ ಎಂದು. ಕೇಳುತ್ತಿರುವವರು ಮಕ್ಕಳು ಮಾತ್ರ ಅಂದುಕೊಂಡಿದ್ದೆ. ಹಿಂದೆ ಊರವರನ್ನೆಲ್ಲ ಆಡಿಕೊಳ್ಳುವ ಪೊನ್ನುಸ್ವಾಮಿ ನಿಂತಿದ್ದ. “ಅಡ ಪಾವೀ, ಹಂಗಾದ್ರೆ ಪುಟ್ಟಪ್ಪ ಬೇಕಂತ್ಲೇ ಕಿವೀಗ್ ಬಿಡ್ತಾನಾ ನೀರು?” ಅಂದ. ಊರೆಲ್ಲ ನಕ್ಕಿತು. ಅಪ್ಪನ ಜಾಗದಲ್ಲಿ ನೀನು ಚೊಂಬು ಹಿಡಿದುಕೊಂಡು ನಿಂತಿದ್ದೆ. ಆ ಮುಖ ನನ್ನ ಕಣ್ಣಿಂದ ಹೋಗಿಲ್ಲ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಸಾಕಾಗಿದೆ.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಮಗಳು ಸರಿತಾಳನ್ನು ನೋಡಿದೆ. ಪ್ಲಸ್ ಟು ಪರೀಕ್ಷೆ ಬರೆದು ಬರುತ್ತಿದ್ದಳೆಂದು ಕಾಣುತ್ತದೆ. ನನಗಿಂತ ಎತ್ತರ ಬೆಳೆದಿದ್ದಾಳೆ. ನನ್ನನ್ನು ಕಂಡಳೋ ಇಲ್ಲವೋ, ನಲ್ಲಂಪಳ್ಳಿ ಬಸ್ಸು ಹತ್ತಿಬಿಟ್ಟಳು. ಮುಂದೆ ಏನು ಮಾಡುತ್ತಾಳೆ? ನಾನು ಕೇಳಬಹುದಾದರೆ ಕೇಳುತ್ತಿದ್ದೇನೆ.

ಇಂತಿ ನಿನ್ನ ಅಕ್ಕ,
ಮುನಿಲಕ್ಷ್ಮಿ


2 ಮೇ 1995

ಅಕ್ಕಂಗೆ ಪುಟ್ಟಪ್ಪನ ನಮಸ್ಕಾರ.

ಕಾಗದ ಬಂತು. ಅಪ್ಪ ಮಣ್ಣಲ್ಲಿ ಬರೆಸಿ ಕಲಿಸಿದ ಅಕ್ಷರ ಇವು, ಕೈಗೆ ಮರ್ತೋಗೈತೆ. ರೇಷನ್ ಕಾರ್ಡಿಂದ ಇಡ್ದು ಎಲ್ಲಾ ತಮಿಳೇ ಅಲ್ವಾ ನಮ್ಗೆ. ಓದಕ್ಕಾಗ್ದಿದ್ರೆ ಬೈಬ್ಯಾಡ.

ನೀನು ಕೇಳಿದ ಮಾತು ನಂಗೊತ್ತಿಲ್ಲ. ಆಗ ನಂಗೆ ಅದಿಮೂರು. ಮಂದೆ ಹರೂರು ಕಡೆ ಓಗಿತ್ತು, ನಾನೂ ಮಂದೆ ಜೊತೆ ಓಗಿದ್ದೆ. ತಿರುಗಿ ಬಂದಾಗ ಮನೇಲಿ ನೀನಿರ್ಲಿಲ್ಲ. ನಂಗೆ ನೆಪ್ಪಿರೋದು ಅಷ್ಟೇಯ.

ನೀನು ಪಾಠ ಏಳಿದ ದಿನದಿಂದ ನಾನೊಂದು ಕಟ್ಟು ಮಾಡ್ಕಂಡಿದೀನಿ. ನೀರು ಬೆನ್ನಿಗೇ. ಮೂರೇ ಚೊಂಬು. ನಾಕನೇದು ಇಲ್ಲ. ಕಿವಿಗೆ ಒಂದು ತೊಟ್ಟೂ ಓಗ್ಬಾರ್ದು ಅಂತ ಟಗರಿನ ತಲೆಗೆ ನನ್ನ ಟವಲ್ ಬಿಗಿಯಾಗಿ ಕಟ್ತೀನಿ. ಪೊನ್ನುಸ್ವಾಮಿ “ಮಾಪ್ಪಿಳ್ಳೈ ಬಂದಾಯ್ತು, ಓಲಗ ಊದ್ರಪ್ಪಾ” ಅಂತ ಟಗರನ್ನ ಮದುವೆ ಗಂಡು ಮಾಡಿ ನಗ್ತಾನೆ. ನಗ್ಲಿ. ಈಗ ನಾಕು ಊರೋರು ಬಂದು ಪುಟ್ಟಪ್ಪನ ಕೈ ಸುದ್ದ ಅಂತ ಕೇಳಿಸ್ಕಂಡು ಓಗ್ತಾರೆ. ನಾಕು ವರ್ಸದಲ್ಲಿ ಒಂಬತ್ತು ಸಲ ಕೇಳಿದೀನಿ. ಎಲ್ಡು ಸಲ ಒದರೈತೆ. ಅದು ದೇವ್ರದ್ದು. ನಂದೇನೂ ಇಲ್ಲ.

ಸರಿತಾ ಓದ್ಬೇಕು ಅಂತಾಳೆ. ರಿಸಲ್ಟ್ ಬರ್ಲಿ. ನಿಂದು ಕೇಳಿದಂಗೇ ಅವಳ್ದೂ ಕೇಳ್ತೀವಿ. ಅವಳವ್ವ ಅಂಕಮ್ಮ ನಿನ್ನ ಕೇಳಿದ್ಲು ಅಂತ ಬರಿ ಅಂದ್ಲು, ಬರ್ದಿದೀನಿ.

ಪುಟ್ಟಪ್ಪ


15 ಜೂನ್ 1995

ಅತ್ತೆ,

ನೀವು ಲೀವಲ್ಲಿ ಕಲಿಸಿದ ಅಕ್ಷರದಲ್ಲೇ ಬರೀತಿದೀನಿ. ತಪ್ಪಿದ್ರೆ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸಬೇಡಿ, ಪ್ಲೀಸ್. ಬಸ್ ಸ್ಟ್ಯಾಂಡಲ್ಲಿ ನಿಮ್ಮನ್ನ ನೋಡಿದೆ. ಮಾತಾಡಿಸಿದ್ರೆ ಅಪ್ಪಂಗೆ ಗೊತ್ತಾಗುತ್ತೆ ಅಂತ ಬಸ್ ಹತ್ತಿಬಿಟ್ಟೆ. ಸಾರಿ ಅತ್ತೆ.

1200ಕ್ಕೆ 981 ಮಾರ್ಕು. ಸೇಲಂ ಲೇಡೀಸ್ ಕಾಲೇಜಲ್ಲಿ ಬಿ.ಎಸ್ಸಿ. ಜುವಾಲಜಿ ಸೀಟು ಸಿಕ್ತು. ಸೇರೋಕೆ ಕಡೈಸಿ ತೇದಿ ಜುಲೈ ಮೂರು. ಹುಣ್ಣಿಮೆ ದಿನ ಅಪ್ಪ ದೇವರನ್ನ ಕೇಳಿದ್ರು. ನಾನು ದೀಪ ನೋಡ್ಕೊಂಡು ಒಳಗೆ ಕೂತಿದ್ದೆ. ಒಂದು ಕುರಿ ಸುಮ್ನೆ ನಿಂತ್ರೆ ಎಷ್ಟು ಸತ್ತಂ ಇರುತ್ತೆ ಅತ್ತೆ? ಏನೂ ಇರಲ್ಲ. ಆದ್ರೆ ನಂಗೆ ಆ ಸದ್ದು ಕೇಳಿಸ್ತು. ಅಪ್ಪ ಬಾಗಿಲ ಹತ್ರ ಬಂದು “ಒದರ್ಲಿಲ್ಲ ಕಣವ್ವಾ” ಅಂದ್ರು. ಆಮೇಲೆ ಅವ್ರೂ ಊಟ ಮಾಡಲಿಲ್ಲ. ಅಪ್ಪನ್ನ ನೋಡಿದ್ರೆ ಪಾವಂ, ಪಾಪ ಅನ್ಸುತ್ತೆ, ಕೋಪಾನೂ ಬರುತ್ತೆ. ಎರಡೂ ಒಟ್ಟಿಗೆ ಬಂದ್ರೆ ಏನು ಮಾಡ್ಬೇಕು?

ಅಮಾವಾಸ್ಯೆ ದಿನ, 28ಕ್ಕೆ, ಇನ್ನೊಂದು ಸಲ ಕೇಳಬಹುದು. ಅವತ್ತೂ ಸುಮ್ನೆ ನಿಂತ್ರೆ ಓದು ಮುಗೀತು. ಆಗಸ್ಟ್ ಕೊನೇಲಿ, ಆವಣಿ ತಿಂಗಳಲ್ಲಿ ಕಲ್ಯಾಣ ಅಂತ ಅಮ್ಮನ ಕಡೆಯೋರು ಮಾತಾಡ್ತಿದಾರೆ. ಹುಡುಗ ಮೇಟ್ಟೂರು. ಒಳ್ಳೆಯವನಂತೆ, ಲಾರಿ ಇದೆಯಂತೆ. ಆ ಲಾರಿ ತಗೊಳ್ಳೋವಾಗ ಯಾರ ಮೇಲೆ ನೀರು ಸುರಿದು ಕೇಳಿದ್ರು ಅತ್ತೆ?

ಅದಕ್ಕೇ ಬರೀತಿದೀನಿ. ನಿಮಗೆ ಗೊತ್ತು. ಟಗರಿನ ತಲೆಗೆ ಅಪ್ಪ ಟವಲ್ ಕಟ್ತಾರಲ್ಲ, ಅದನ್ನ ನಾನು ಮೊದಲೇ ನೆನೆಸಿ ಇಟ್ರೆ ಸಾಕಾ? ಕಿವಿ ಒಳಗೆ ಏನಾದ್ರೂ ಇಡ್ಬೇಕಾ? ಒಂದು ಲೈನು ಬರೀರಿ, ಸಾಕು. ಕುಪ್ಪಮ್ಮ ಅಜ್ಜಿ ಮನೆ ವಿಳಾಸಕ್ಕೆ ಹಾಕಿ. ಪಕ್ಕದ ಮನೆ ಅಜ್ಜಿ, ನಿಮಗೆ ನೆನಪಿರಬೇಕು. ದೇವರನ್ನ ಕೇಳೋವಾಗೆಲ್ಲ ಬಾವಿಯಿಂದ ನೀರು ಸೇದಿ ಕೊಡೋದು ಇವತ್ತಿಗೂ ಅವರೇ. ಅವರಿಗೆ ಓದಕ್ಕೆ ಬರಲ್ಲ, ಆದ್ರೆ ಗುಟ್ಟು ಇಟ್ಕೊಳ್ಳಕ್ಕೆ ಬರುತ್ತೆ.

ಸರಿತಾ


ಧರ್ಮಪುರಿ
18 ಜೂನ್ 1995

ಮುದ್ದು ಸರಿತಾ,

ತಿದ್ದಲಿಲ್ಲ. ತಿದ್ದುವಂಥದ್ದು ಹೆಚ್ಚೇನೂ ಇರಲಿಲ್ಲ.

ನಿನ್ನ ಪತ್ರ ಬರುವುದಕ್ಕೂ ಮೊದಲೇ ನಾನೊಂದು ಹುಚ್ಚು ಶುರು ಮಾಡಿದ್ದೆ. ನಿಮ್ಮಪ್ಪ ಮೇ ತಿಂಗಳಲ್ಲಿ “ಒಂಬತ್ತರಲ್ಲಿ ಎರಡು” ಎಂದು ಬರೆದಿದ್ದ. ಆ ಲೆಕ್ಕ ನನ್ನನ್ನು ಬಿಡಲಿಲ್ಲ. ನಮ್ಮ ಬೀದಿಯ ನಾಯಿಗೆ ಬೆನ್ನ ಮೇಲೆ ಒಂದು ಲೋಟ ನೀರು ಹಾಕಿದೆ. ತಕ್ಷಣ ಒದರಿತು, ನನ್ನ ಸೀರೆ ಹಾಳಾಯಿತು. ಮನೆ ಮಾಲೀಕರ ಮೇಕೆ ಎರಡನೆಯ ಲೋಟಕ್ಕೆ ಒದರಿತು. ಮೂರನೆಯ ಲೋಟ ಎತ್ತುವಷ್ಟರಲ್ಲಿ ಅವರ ಹೆಂಡತಿ “ಟೀಚರಮ್ಮಾ, ಉಡಂಬು ಚೆನ್ನಾಗಿಲ್ವಾ?” ಎಂದು ನನ್ನ ಹಣೆ ಮುಟ್ಟಿ ನೋಡಿದರು. ತರಗತಿಯಲ್ಲಿ ಹೇಳಿದ್ದಕ್ಕೆ ಒಬ್ಬ ಹುಡುಗಿ ಮಾರನೆಯ ದಿನ ಕೋಳಿಯನ್ನೇ ಚೀಲದಲ್ಲಿ ತಂದಳು. ಕೋಳಿ ಒದರಲಿಲ್ಲ, ಮೇಜಿನ ಮೇಲೆ ಮೊಟ್ಟೆ ಇಟ್ಟಿತು.

ನಮ್ಮ ಕರಿ ಕುರಿಯ ಮಾತೇ ಬೇರೆ. ಅದರ ಉಣ್ಣೆಗೆ ಜಿಡ್ಡಿದೆ. ಚೆನ್ನಾಗಿ ಬೆಳೆದ ಉಣ್ಣೆಯ ಮೇಲೆ ಸುರಿದ ನೀರು ಬಹುಪಾಲು ಜಾರಿ ಹೋಗುತ್ತದೆ, ಚರ್ಮದವರೆಗೆ ಇಳಿಯಲು ಹೊತ್ತು ಬೇಕು. ಉಣ್ಣೆ ಇಲ್ಲದಿರುವುದು ಮುಖದಲ್ಲಿ, ಕಿವಿಯಲ್ಲಿ. ಅಲ್ಲಿಗೆ ನಿಮ್ಮಪ್ಪ ಟವಲು ಕಟ್ಟುತ್ತಾನೆ. ಅಂದರೆ ಮೂರು ಚೊಂಬು ನೀರು ಬಿದ್ದದ್ದು ಕುರಿಗೇ ಗೊತ್ತಾಗುವುದಿಲ್ಲ. ಇದನ್ನು ಕಂಡುಹಿಡಿದಾಗ ನನಗೆ ಸಂತೋಷವಾಗಬೇಕಿತ್ತು. ಕುರ್ಚಿಯಲ್ಲಿ ಕೂತುಬಿಟ್ಟೆ. ಆ ಟವಲನ್ನು ಕಟ್ಟಿಸಿದವಳು ನಾನು.

ನೀನು ಕೇಳಿದ್ದಕ್ಕೆ ಉತ್ತರ: ಕುರಿ ಒದರುವಂತೆ ಮಾಡಲು ಉಪಾಯಗಳು ನನಗೆ ಗೊತ್ತು. ಒಂದನ್ನೂ ಬರೆಯುವುದಿಲ್ಲ. ನಿಮ್ಮಪ್ಪ ತನ್ನ ಕೈ ಶುದ್ಧ ಎಂದು ನಾಲ್ಕು ಊರಿಗೆ ತೋರಿಸಿಕೊಂಡು ನಿಂತಿದ್ದಾನೆ. ಆ ಕೈಯ ಕೆಳಗೆ ನೀನು ಒದ್ದೆ ಬಟ್ಟೆ ಇಟ್ಟರೆ ನೀನೇನೋ ಸೇಲಂಗೆ ಹೋಗುತ್ತೀಯ. ವಿಷಯ ತಿಳಿದ ದಿನ ಅವನು ಎಲ್ಲಿಗೆ ಹೋಗಬೇಕು? ಒಮ್ಮೆ ಅವನನ್ನು ಜನರ ಮುಂದೆ ನಿಲ್ಲಿಸಿದ್ದೇನೆ. ಇನ್ನೊಮ್ಮೆ, ಅದೂ ನಿನ್ನ ಕೈಯಿಂದ, ನನ್ನಿಂದಾಗದು.

ನೀನು ಈ ಕಾಗದ ಹರಿದು ಹಾಕಬಹುದು. ಹರಿದ ಮೇಲೂ ಟವಲು ನೆನೆಸಬೇಡ. ನಿಮ್ಮಪ್ಪನಿಗೆ ನಾನೇ ಬರೆಯುತ್ತೇನೆ. ಅದರಿಂದ ಏನಾದರೂ ಆಗುತ್ತದೆಂದು ಭರವಸೆ ಕೊಡುವಷ್ಟು ಧೈರ್ಯ ನನ್ನಲ್ಲಿಲ್ಲ.

ನಿನ್ನ ಅತ್ತೆ,
ಮುನಿಲಕ್ಷ್ಮಿ


ಧರ್ಮಪುರಿ
20 ಜೂನ್ 1995

ಪ್ರೀತಿಯ ಪುಟ್ಟ,

ಹುಣ್ಣಿಮೆಯ ದಿನದ ವಿಷಯ ತಿಳಿಯಿತು. ಯಾರು ಹೇಳಿದರೆಂದು ಕೇಳಬೇಡ.

ನಾನು ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ಬರೀ ವಿಜ್ಞಾನ ಇತ್ತು, ಒಂದರಲ್ಲಿ ಬರೀ ಕ್ಷಮೆ ಇತ್ತು. ಎರಡೂ ನಿನಗೆ ಬೇಡ ಅನಿಸಿತು. ನೇರವಾಗಿ ಹೇಳುತ್ತೇನೆ.

ಹುಣ್ಣಿಮೆಗೆ ನಿಲ್ಲಿಸಿದ ಟಗರಿನ ಉಣ್ಣೆ ಕತ್ತರಿಸಿ ಎಷ್ಟು ತಿಂಗಳಾಗಿತ್ತು? ನನಗೆ ಗೊತ್ತು, ನೀವು ಉಣ್ಣೆ ತೆಗೆಯುವುದು ತೈ ತಿಂಗಳಲ್ಲಿ, ಸಂಕ್ರಾಂತಿಯ ಹೊತ್ತಿಗೆ. ಅಂದರೆ ಐದು ತಿಂಗಳ ಉಣ್ಣೆ. ಅದರ ಮೇಲೆ ಮೂರು ಚೊಂಬು. ತಲೆಗೆ ಟವಲು. ಪುಟ್ಟ, ಬಾಗಿಲು ಹಾಕಿರುವ ಮನೆಯ ಹಿತ್ತಿಲಲ್ಲಿ ನಿಂತು ಮೆಲ್ಲಗೆ ಒಂದು ಸಲ ಕರೆದು, ಯಾರೂ ಬರಲಿಲ್ಲ ಎಂದು ಹೊರಟುಹೋದ ಹಾಗಿದೆ ಇದು. ನೀನು ಕೇಳಿದ್ದು ಕುರಿಗೆ ಮುಟ್ಟಲೇ ಇಲ್ಲ. ಕುರಿಗೆ ಮುಟ್ಟದ್ದು ದೇವರಿಗೆ ಹೇಗೆ ಮುಟ್ಟುತ್ತದೆ?

ಅಪ್ಪ ಟವಲು ಕಟ್ಟುತ್ತಿದ್ದರೇ? ಚೊಂಬು ಎಣಿಸುತ್ತಿದ್ದರೇ? ನೀನೇ ಹದಿನೈದು ವರ್ಷ ಅವರ ಪಕ್ಕದಲ್ಲಿ ನಿಂತು ನೋಡಿದವನು. ಅಪ್ಪ ನೀರು ಸುರಿದದ್ದನ್ನು ನಾನು ಒಂದು ದಿನವೂ ನೋಡಿಲ್ಲ, ಮದುವೆಯಾಗದ ಹುಡುಗಿಯರನ್ನು ಆಗ ಹತ್ತಿರ ಬಿಡುತ್ತಿರಲಿಲ್ಲ. ನನ್ನ ವಿಷಯಕ್ಕೇ ನಾನು ಗೋಡೆ ನೋಡಿಕೊಂಡು ಕೂತಿದ್ದೆ. ನನಗಿರುವುದು ಅರ್ಧ ಮಾತು ಮಾತ್ರ. ಅವತ್ತು ನೀರು ಸೇದಿಕೊಟ್ಟವರು ಕುಪ್ಪಮ್ಮ. ಉಳಿದರ್ಧವನ್ನು ಅವರು ಕೇಳಿಸಿಕೊಂಡಿರಬಹುದು. ಸಾಧ್ಯವಾದರೆ ಕೇಳು.

ಅಮಾವಾಸ್ಯೆಗೆ ಟವಲು ಕಟ್ಟಬೇಡ. ನನ್ನ ಮಾತಿಗೆ ಹೆದರಿ ಕಟ್ಟಿಕೊಂಡದ್ದು ಅದು. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ನಿನ್ನ ಅಕ್ಕ,
ಮುನಿಲಕ್ಷ್ಮಿ


23 ಜೂನ್ 1995

ಅಕ್ಕ,

ನಾಕು ವರ್ಸದ ಇಂದೆ ಎಲ್ಲಾ ನೀರು, ದೇವ್ರಿಲ್ಲ ಅಂದೆ. ಈಗ ನೀರು ಸರ್ಯಾಗಿ ಸುರೀ, ದೇವ್ರಿಗೆ ಮುಟ್ಲಿ ಅಂತಿದೀಯ. ಯಾವ್ದು ನಿಜ ಅಕ್ಕಾ? ಎಂ.ಎಸ್ಸಿ. ಓದಿರೋಳು ನೀನು, ಒಂದು ಏಳು.

ನೀರೇ ಆದ್ರೆ ನನ್ನ ಮಗಳನ್ನ ನಾನೇ ಕಳಿಸ್ಬೇಕು, ಕುರಿ ಯಾಕೆ? ದೇವ್ರೇ ಆದ್ರೆ ಟವಲ್ ಕಟ್ಟಿದ್ರೂ ಒದರ್ಬೇಕು, ಅಲ್ವಾ? ಅವಳು ಓಗ್ಲಿ ಅಂತ ನಂಗಿಲ್ಲ ಅಂದ್ಕಂಡಿದೀಯಾ? ಉಣ್ಮೆ ದಿನ ಮೂರ್ನೇ ಚೊಂಬನ್ನ ಕತ್ತಿನ ತಾವು ತಂದು ನಿಲ್ಸಿದ್ದೆ. ಒಂಚೂರು ಮುಂದಕ್ಕೆ ಬಗ್ಸಿದ್ರೆ ಆಗಿರೋದು. ಬಗ್ಸಲಿಲ್ಲ. ಊರು ನೋಡ್ತಿತ್ತು. ನೀನೂ ಎಲ್ಲೋ ನಿಂತ್ಕಂಡು ನೋಡ್ತಿದೀಯ ಅನ್ನಿಸ್ತು.

ಬರೋದಾದ್ರೆ ಬಾ. ಪಾಠ ಬ್ಯಾಡ.

ಪುಟ್ಟಪ್ಪ


ಧರ್ಮಪುರಿ
25 ಜೂನ್ 1995

ಪುಟ್ಟ,

ಈ ಕಾಗದವನ್ನು ನಲ್ಲಂಪಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ, ಅಂಚೆಗೆ ಹಾಕಿದರೆ ತಡವಾದೀತು.

ಯಾವುದು ನಿಜ ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ. ಕುರಿ ಯಾಕೆ ಒದರುತ್ತದೆ ಎನ್ನುವುದು ಗೊತ್ತು. ಅಪ್ಪ ಯಾಕೆ ಅದನ್ನು ಕೇಳುತ್ತಿದ್ದರು, ಕೇಳುವಾಗ ಅವರ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಗೊತ್ತಿಲ್ಲ. ಮೂವತ್ತೊಂದು ವರ್ಷ ನಾನು ಒಂದು ಪ್ರಾಣಿಯ ಮೈನಡುಕದ ಮೇಲೆ ಬದುಕಿದ್ದೇನೆ ಎಂದುಕೊಂಡರೆ ಕೆಲವು ಸಂಜೆ ನಗು ಬರುತ್ತದೆ, ಕೆಲವು ಸಂಜೆ ಪುಸ್ತಕ ಮುಚ್ಚಿಟ್ಟು ಮಲಗುತ್ತೇನೆ. ಅಂದು ಅದು ಸುಮ್ಮನೆ ನಿಂತಿದ್ದರೆ? ಅಂಕಮ್ಮನ ಹಾಗೆ ನಾನೂ ಯಾವುದೋ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿರುತ್ತಿದ್ದೆ. ಅದು ಕಡಿಮೆಯೇನಲ್ಲ. ಆದರೆ ನಾನು ಕೇಳಿದ್ದು ಅದನ್ನಲ್ಲ. ಸರಿತಾ ಕೇಳುತ್ತಿರುವುದೂ ಅದನ್ನಲ್ಲ.

ನಾನು ಬರುವುದಿಲ್ಲ. ನಾನಿದ್ದು ಕುರಿ ಒದರಿದರೆ ಟೀಚರಮ್ಮ ಏನೋ ಮಾಡಿದಳು ಅನ್ನುತ್ತಾರೆ. ಒದರದಿದ್ದರೆ, ನಂಬದವಳು ಬಂದು ಕೂತಳು, ದೇವರಿಗೆ ಮುನಿಸು ಬಂತು ಅನ್ನುತ್ತಾರೆ. ಎರಡನ್ನೂ ನೀನೇ ಕೇಳಿಸಿಕೊಳ್ಳಬೇಕಾಗುತ್ತದೆ. ಬುಧವಾರ ಶಾಲೆಯಲ್ಲಿ ಇರುತ್ತೇನೆ. ಮೊದಲನೆಯ ಪೀರಿಯಡ್ ಕಪ್ಪೆಯ ಹೃದಯ.

ನೀನು ಏನು ಮಾಡಿದರೂ ನಿನ್ನ ಕೈ ಶುದ್ಧವೇ. ಇಷ್ಟನ್ನು ನಾಲ್ಕು ವರ್ಷದ ಹಿಂದೆ ಎಲ್ಲರ ಮುಂದೆ ಹೇಳಬೇಕಿತ್ತು.

ಅಕ್ಕ


5 ಜುಲೈ 1995

ಅಕ್ಕಂಗೆ ನಮಸ್ಕಾರ.

ಸರಿತಾನ ಸೇರ್ಸಿ ಬಂದೆ. ಸೋಮವಾರ, ಕಡೇ ದಿನ, ಆಫೀಸ್ ಮುಚ್ಚೋಕೆ ಅರ್ಧ ಗಂಟೆ ಇತ್ತು. ಆಸ್ಟೆಲಲ್ಲಿ ನಾಕು ಉಡುಗೀರಿಗೆ ಒಂದು ರೂಮು. ಕಿಟಕಿ ಐತೆ. ಕಿಟಕೀಲಿ ಬೆಟ್ಟ ಕಾಣ್ತೈತೆ. ಟ್ರಂಕ್ ಇಳ್ಸಿ, ಕಿಟಕಿ ಚಿಲಕ ಎಲ್ಡು ಸಲ ತೆಗ್ದು ಆಕಿ ನೋಡ್ದೆ. “ಬಸ್ಸಿಗೆ ಟೈಮ್ ಆಯ್ತು ಓಗಪ್ಪ” ಅಂತ ಅವಳೇ ಅಂದ್ಲು. ಅಂಕಮ್ಮ ದಾರಿ ಪೂರ್ತಿ ಅತ್ಲು. ಧರ್ಮಪುರಿ ಬಸ್ ಸ್ಟ್ಯಾಂಡಲ್ಲಿ ಇಳ್ದು ನಿಮ್ಮನೇಗೆ ಬರೋಣ ಅಂದ್ಲು. ಇನ್ನೊಂದ್ ದಿನ ಅಂದೆ. ಕಾಗದಾನೇ ಸಲೀಸು ನಂಗೆ.

ಅಮಾಸೆ ದಿನ ಏನಾಯ್ತು ಅಂತ ಬರೀತೀನಿ. ಸರಿತಾ ನಿಂಗೆ ಬರೆಯೋಕಾಗಲ್ಲ, ಅವಳು ಒಳಗಿದ್ಲು.

ನಿನ್ನ ಕಾಗದ ಬಂದಿತ್ತು. “ಗೊತ್ತಿಲ್ಲ” ಅಂತ ಬರ್ದಿದ್ಯಲ್ಲ, ಅದನ್ನ ಎಲ್ಡು ಸಲ ಓದ್ದೆ. ನಿನ್ನ ಬಾಯಲ್ಲಿ ಆ ಮಾತು ನಾನು ಕೇಳಿರ್ಲೇ ಇಲ್ಲ. ಆದ್ರೂ ಟವಲ್ ಕಟ್ಟಿದೆ. ಕುಪ್ಪಮ್ಮನ್ನ ಏನೂ ಕೇಳ್ಲಿಲ್ಲ. ಕಟ್ಟು ಕಟ್ಟೇ ಅಂದ್ಕಂಡೆ. ಊರೋರು ಬಂದಿದ್ರು. ಮೇಟ್ಟೂರೋರೂ ಇಬ್ರು ಬಂದಿದ್ರು, ಉಡುಗನ ಚಿಕ್ಕಪ್ಪನೂ ಇನ್ನೊಬ್ನೂ, ಒಳ್ಳೇ ಬಿಳೀ ಬಟ್ಟೆ ಆಕ್ಕಂಡು.

ಒಂದ್ನೇ ಚೊಂಬು ಸುರ್ದೆ. ನಿಂತಿತ್ತು. ಎಲ್ಡು. ನಿಂತಿತ್ತು. ಮೂರ್ನೇದು ಸುರಿಯೋವಾಗ ಅದು ನನ್ನ ಕಡೆ ನೋಡ್ತಿತ್ತು, ನನ್ನೇ ಏನೋ ಕೇಳೋ ಅಂಗೆ. ಒದರ್ಲಿಲ್ಲ. ತಮಟೆ ನಿಲ್ತು. ಚೊಂಬು ಕೆಳಗಿಟ್ಟೆ. ಜನ ಮೇಲೆ ಏಳೋಕೆ ಶುರು ಮಾಡಿದ್ರು. ಮೇಟ್ಟೂರ್ ಚಿಕ್ಕಪ್ಪ ಎಲೆ ಅಡಿಕೆ ಚೀಲ ತೆಗೀತಿದ್ದ. ಒಳಗೋಗಿ ಸರಿತಾಗೆ ಏಳ್ಬೇಕಲ್ಲ, ನಡ್ದೆ. ಉಣ್ಮೆ ದಿನ ಏಳಿದ್ ಮಾತೇ. ಆ ಮಾತು ಎಷ್ಟು ಭಾರ ಅಂತ ಮೊದಲ್ನೇ ಸಲ ಗೊತ್ತಿರ್ಲಿಲ್ಲ, ಈಗ ಗೊತ್ತಿತ್ತು.

ಬಾಗಿಲಲ್ಲಿ ಕುಪ್ಪಮ್ಮ ಅಡ್ಡ ಕೂತಿದ್ಲು. ಕೊಡ ಮಡಿಲಲ್ಲಿ ಇಟ್ಕಂಡು. ದಾರಿ ಬಿಡ್ಲಿಲ್ಲ. ಏನೋ ಅಂದ್ಲು.

ತಿರುಗಿ ಓಗಿ ಟವಲ್ ಬಿಚ್ಚಿ ನನ್ನ ಎಗಲಿಗೆ ಆಕ್ಕಂಡೆ. ಪೊನ್ನುಸ್ವಾಮಿ “ಎನ್ನಪ್ಪಾ, ಮಾಪ್ಪಿಳ್ಳೈಗೆ ಮುಂಡಾಸು ಬೇಡ್ವಾ?” ಅಂತ ಅತ್ರ ಬಂದ. ಬಾಯಿ ಮುಚ್ಕಂಡು ತಮಟೆ ಬಡಿಯಕ್ಕೇಳ್ಲಾ ಅಂದೆ. ನಾಕು ಸುರ್ದೆ, ಐದು, ಆರು. ಬೆನ್ನಿಗೇ ಸುರ್ದೆ ಅಕ್ಕ, ಕಿವಿಗಲ್ಲ. ಎಣ್ಸೋದು ಏಳಕ್ಕೆ ಬಿಟ್ಟೆ. ಅಂಕಮ್ಮ ಲೆಕ್ಕ ಇಟ್ಟಿದ್ಲಂತೆ, ಒಂಬತ್ತು ಅಂತಾಳೆ. ಒದರ್ತು ನೋಡು, ಕೊಂಬಿಂದ ಬಾಲದವರೆಗೂ. ನೀರೆಲ್ಲಾ ಪೊನ್ನುಸ್ವಾಮಿ ಮುಖಕ್ಕೆ. ಮೇಟ್ಟೂರ್ ಚಿಕ್ಕಪ್ಪನ ಪಂಚೆಗೂ ಬಿತ್ತು. “ಕಿವಿಗೆ ಓಯ್ತೇನೋ?” ಅಂತ ಪೊನ್ನುಸ್ವಾಮಿ ಮುಖ ಒರೆಸ್ಕಂಡು ಕೇಳ್ದ. ಓಗಿ ಕುರೀನೇ ಕೇಳು ಅಂದೆ. ಎಲ್ರೂ ನಕ್ರು. ಈ ಸಲ ಅವನನ್ನ ನೋಡಿ.

ನೀರೋ ದೇವ್ರೋ ನಂಗೂ ಗೊತ್ತಿಲ್ಲ. ಅರಿಶಿನ ಅಚ್ಚಿ ಟಗರನ್ನ ಮಂದೇಗೆ ಬಿಟ್ಟಿದೀನಿ. ಮೇಯ್ತಾ ಐತೆ. ಮೈ ಬಗ್ತಾ ಇಲ್ಲ ಅಕ್ಕ, ನಲವತ್ನಾಕಕ್ಕೇ ಅಪ್ಪನ ಅಂಗೆ ಆಗೋದೆ. ಸರಿತಾ ಇಲ್ದೆ ಮನೆ ಒಂಥರಾ ಐತೆ. ನೀನು ಮನೆ ಬಿಟ್ಟು ಓದಾಗ ಅಪ್ಪಂಗೂ ಇಂಗೇ ಆಗಿತ್ತೇನೋ, ಏಳ್ಲಿಲ್ಲ.

ಶನಿವಾರ ಸೇಲಂಗೆ ಓಗೋದಿದ್ರೆ ಅವಳನ್ನ ನೋಡ್ಕಂಡ್ ಬಾ. ಉಪ್ಪಿನಕಾಯಿ ತಗಂಡೋಗು.

ಇಂತಿ,
ಪುಟ್ಟಪ್ಪ

ಬರ್ದು ಮಡಿಚಿದ್ ಮೇಲೆ ನೆಪ್ಪಾಯ್ತು. ನೀನು ಅಪ್ಪನ ಮಾತು ಕೇಳಿದ್ಯಲ್ಲ, ಉಳಿದರ್ಧ. ಕುಪ್ಪಮ್ಮ ಅವತ್ತು ಬಾಗಿಲಲ್ಲಿ ಕೂತ್ಕಂಡು ಅಂದದ್ದು ಅದೇ. ಅವಳು ಅಂದಂಗೇ ಬರೀತೀನಿ:

“ಏನ್ಲಾ ಪುಟ್ಟಾ, ಮೂರಕ್ಕೇ ಚೊಂಬು ಇಟ್ಬುಟ್ಯಾ? ನಿಮ್ಮಪ್ಪ ಯಾವ ಕುರಿಗ್ಲಾ ಮುಂಡಾಸು ಕಟ್ಟಿದ್ದ? ಒಳಗೆ ಮುನಿಗೆ ‘ಒದರಿದ್ರೆ ಓಗು ಮಗಾ’ ಅಂದು ಒರಗೆ ಬಂದ. ನನ್ ಅತ್ರ ನಿಂತು ಏನಂದ ಗೊತ್ತಾ? ‘ಒದರ್ದಿದ್ರೆ ಇನ್ನೊಂದು ಕೊಡ ಸೇದ್ಕಂಬಾ ಕುಪ್ಪೀ’ ಅಂದ. ಅದಿನೇಳು ಚೊಂಬು ಕಣ್ಲಾ ಅವತ್ತು! ಇವತ್ತಿಗೂ ನನ್ ಸೊಂಟ ನೋಯ್ತೈತೆ. ಬಾವೀಲಿ ಇನ್ನೂ ನೀರೈತೆ, ನಡೀ.”